ಕ್ಯಾನ್ಸರ್ ಜೆನೆಟಿಕ್ಸ್ ಸಂಶೋಧನೆಗೆ ಹೋಗಬೇಕಾ? ಮೊದಲು ವಂಶವೃಕ್ಷ ಬರೆಯಲು ಕಲಿಯಿರಿ

ಎಂ.ಎಸ್ಸಿ. ಮುಗಿಸಿ ಈ ಕಡೆ ಬರಬೇಕು ಅನ್ನುವವರು ಮೊದಲು ಕೇಳುವುದು ಸೀಕ್ವೆನ್ಸಿಂಗ್ (ಮೆಷಿನ್‌ನಲ್ಲಿ ಡಿಎನ್‌ಎ ಓದುವುದು) ಎಲ್ಲಿ ಕಲಿಯಬೇಕು ಅಂತ. ಅದು ಆಮೇಲೆ. ಮೆಷಿನ್ ಇರುವ ಲ್ಯಾಬ್ ಸೇರಿದರೆ ಅಲ್ಲಿನ ಸೀನಿಯರ್‌ಗಳೇ ಕಲಿಸುತ್ತಾರೆ. ಕಲಬುರಗಿಯಲ್ಲಿ ಕೂತೇ ಕಲಿಯಬಹುದಾದದ್ದು ಬೇರೆ ಇದೆ: ಒಂದು ಮನೆತನದ ಮೂರು ತಲೆಮಾರಿನ ಕಾಯಿಲೆಗಳನ್ನು ಸರಿಯಾಗಿ ಬರೆದುಕೊಳ್ಳುವುದು.

ಸುಮ್ನೆ ಹೇಳುತ್ತಿಲ್ಲ. ಸ್ತನ ಕ್ಯಾನ್ಸರ್‌ನ ಒಂದು ಜೀನ್ 17ನೇ ಕ್ರೋಮೋಸೋಮ್‌ನಲ್ಲಿದೆ ಎಂದು ಅಮೆರಿಕದ ಜೆನೆಟಿಕ್ಸ್ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದರಲ್ಲ, ಅವರ ಕೈಯಲ್ಲಿದ್ದದ್ದು 23 ಕುಟುಂಬಗಳ ವಂಶವೃಕ್ಷ. ಕಾಯಿಲೆ ಬಂದ ವಯಸ್ಸಿನ ಪ್ರಕಾರ ಆ ಕುಟುಂಬಗಳನ್ನು ಸಾಲಾಗಿ ಜೋಡಿಸಿದಾಗ, ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂದ ಮನೆಗಳಲ್ಲಿ ಸುಳಿವು ಎದ್ದು ಕಂಡಿತು. ಆ ಜೀನ್, ಅಂದರೆ ಬಿಆರ್‌ಸಿಎ1, ಕೈಗೆ ಸಿಕ್ಕಿದ್ದು 1994ರಲ್ಲಿ, ಅದೂ ಬೇರೆ ತಂಡಕ್ಕೆ.

ಅಂದರೆ ವಯಸ್ಸು ಮುಖ್ಯ. ನಮ್ಮ ಕಡೆ ಆಯಿಗೆ ಹುಟ್ಟಿದ ಇಸವಿ ಕೇಳಿದರೆ ಗೊತ್ತಿರುವುದಿಲ್ಲ. ರಜಾಕಾರರ ಗಲಾಟೆ ಹೊತ್ತಿಗೆ ಹುಟ್ಟಿದ್ದಿರಾ, 1972ರ ಬರದಲ್ಲಿ ಮಕ್ಕಳೆಷ್ಟು ದೊಡ್ಡವರಿದ್ದರು ಎಂದು ಕೇಳಿ, ಲೆಕ್ಕ ತಾನಾಗಿ ಬರುತ್ತದೆ. "ಹೊಟ್ಟ್ಯಾಗ ಗಡ್ಡಿ ಆಗಿ ಹೋದಳು" ಎಂಬ ಮಾತನ್ನು ಹಾಗೇ ಬರೆದುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅದು ಅಂಡಾಶಯದ್ದೋ, ಕರುಳಿನದೋ, ಗರ್ಭಕೋಶದ್ದೋ ಎನ್ನುವುದರ ಮೇಲೆ ಯಾವ ಜೀನ್ ಹುಡುಕಬೇಕು ಎಂಬುದೇ ಬದಲಾಗುತ್ತದೆ. ಚಿಕಿತ್ಸೆಗೆ ಸೊಲ್ಲಾಪುರ, ಬಾರ್ಶಿ, ಹೈದರಾಬಾದಿಗೆ ಹೋಗಿ ಬಂದವರ ಹಳೆಯ ಬಯಾಪ್ಸಿ ರಿಪೋರ್ಟು ಯಾವುದಾದರೂ ಟ್ರಂಕಿನಲ್ಲಿ ಇದ್ದೇ ಇರುತ್ತದೆ, ಕೇಳಿ ನೋಡಿ.

ವಂಶವೃಕ್ಷದಲ್ಲಿ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಬಂದವರಿಗೆ ಕಪ್ಪು ತುಂಬಿ, ತೀರಿಕೊಂಡವರ ಮೇಲೆ ಓರೆಗೆರೆ. ಸ್ತನ ಕ್ಯಾನ್ಸರ್ ಎಂದ ಕೂಡಲೇ ಅವ್ವನ ಕಡೆಯವರನ್ನಷ್ಟೇ ಕೇಳಿ ಬಿಡುವವರು ಜಾಸ್ತಿ. ಜೀನ್ ದೋಷ ಅಪ್ಪನಿಂದಲೂ ಅಷ್ಟೇ ಬರುತ್ತದೆ, ಹಾಗಾಗಿ ಕಾಕಾ, ಅತ್ತಿ, ಮುತ್ಯಾ ಎಲ್ಲರನ್ನೂ ಬರೆಯಿರಿ. ಸೋದರಮಾವನ ಜೊತೆ ಮದುವೆಯಾಗಿದ್ದರೆ ಗಂಡ ಹೆಂಡತಿ ನಡುವೆ ಜೋಡಿಗೆರೆ. ಇದು ನಮ್ಮಲ್ಲಿ ತುಂಬಾ ಮುಖ್ಯ. ಸ್ತನ ಕ್ಯಾನ್ಸರ್‌ನ ಇನ್ನೊಂದು ಜೀನ್ ಬಿಆರ್‌ಸಿಎ2ರ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಫ್ಯಾಂಕೋನಿ ಅನೀಮಿಯಾ (ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ) ಬರಬಹುದು, ಆದ್ದರಿಂದ "ರಕ್ತ ಕಮ್ಮಿ ಆಗಿ" ಹೋದ ಕೂಸುಗಳ ಬಗ್ಗೆಯೂ ಕೇಳಬೇಕು, ಮೆಲ್ಲಗೆ.

ಕಂಡ ಕ್ಯಾನ್ಸರ್‌ನೆಲ್ಲ ವಂಶದ್ದು ಅನ್ನಬೇಡಿ. ಸುಮಾರು 5ರಿಂದ 10 ಶೇಕಡಾ ಮಾತ್ರ ಹಾಗೆ. ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಆದವರ ಮನೆಯಲ್ಲಿ ಜೀನ್ ಹುಡುಕುತ್ತಾ ಕೂರುವುದು ಬೇಡ.

ಕಲಿಯಲು ನಿಮ್ಮ ಮನೆಯದೇ ಸಾಕು. ಹಾಳೆಯ ಮೇಲೆ ಹೆಸರು ಹಾಕದೆ ನಂಬರ್ ಹಾಕಿ, ವಾಟ್ಸಾಪ್‌ಗೆ ಅಂತೂ ಹಾಕಲೇಬೇಡಿ. ಮದುವೆ ವಯಸ್ಸಿಗೆ ಬಂದ ಹುಡುಗಿ ಇರುವ ಮನೆಯಲ್ಲಿ ಈ ಹಾಳೆ ಏನೆಲ್ಲಾ ಮಾಡಬಹುದು ಗೊತ್ತಲ್ವಾ? ಇಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶಾಖೆಯ ರೋಗಿಗಳನ್ನಾಗಲಿ ಬೇರೆಯವರನ್ನಾಗಲಿ ಮಾತಾಡಿಸುವುದಿದ್ದರೆ ಗೈಡ್ ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಸಮ್ಮತಿ ಪತ್ರ ಬೇಕು.

ಉಳಿದ ದಾರಿ ಎಲ್ಲರದ್ದೂ ಒಂದೇ. ಗುಲಬರ್ಗಾ ವಿಶ್ವವಿದ್ಯಾಲಯವೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೋ, ಎಲ್ಲಿ ಓದಿದರೂ ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ತೆಗೆದುಕೊಳ್ಳಿ. 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ನಮ್ಮ ಕಲ್ಯಾಣ ಕರ್ನಾಟಕದವರ 371ಜೆ ಮೀಸಲಾತಿ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ, ಅದು ರಾಜ್ಯದ ಸೀಟು, ನೌಕರಿಗೆ. ಹೈದರಾಬಾದಿನ ಸಂಶೋಧನಾ ಸಂಸ್ಥೆಗಳಾದ ಸಿಸಿಎಂಬಿ, ಸಿಡಿಎಫ್‌ಡಿ ನಮಗೆ ಬೆಂಗಳೂರಿಗಿಂತ ಹತ್ತಿರ. ಕ್ಯಾನ್ಸರ್‌ಗೇ ಮೀಸಲಾದದ್ದು ಬೇಕೆಂದರೆ ನವಿ ಮುಂಬೈನ ಆಕ್ಟ್ರೆಕ್, ಟಾಟಾ ಮೆಮೋರಿಯಲ್‌ನವರ ಸಂಶೋಧನಾ ಕೇಂದ್ರ.

ಪಿಎಚ್‌ಡಿಯಲ್ಲಿ ತಲೆ ತಿನ್ನುವುದು ಅರ್ಥ ಗೊತ್ತಿಲ್ಲದ ಜೀನ್ ಬದಲಾವಣೆಗಳು. ಡೇಟಾಬೇಸ್‌ಗಳಲ್ಲಿ ಜಾಸ್ತಿ ಇರುವುದು ಯುರೋಪ್ ಮೂಲದವರ ಮಾಹಿತಿ, ನಮ್ಮವರಲ್ಲಿ ಹೊಸದು ಕಂಡರೆ ಒಳ್ಳೆಯದೋ ಕೆಟ್ಟದೋ ಹೇಳಲಾಗುವುದಿಲ್ಲ. ಆಗ ಅದೇ ಮನೆತನದಲ್ಲಿ ಕಾಯಿಲೆ ಬಂದವರಲ್ಲಿ ಅದು ಇದೆಯಾ, ವಯಸ್ಸಾದರೂ ಗಟ್ಟಿಯಾಗಿರುವವರಲ್ಲಿ ಇಲ್ಲವಾ ಎಂದು ನೋಡುತ್ತಾರೆ. ವಂಶವೃಕ್ಷ ಅರ್ಧಂಬರ್ಧ ಇದ್ದರೆ ಆ ಕೆಲಸ ಅಲ್ಲೇ ನಿಲ್ಲುತ್ತದೆ.

ಲ್ಯಾಬ್‌ಗೆ ಮೇಲ್ ಬರೆಯುವಾಗ "ನನಗೆ ತುಂಬಾ ಆಸಕ್ತಿ ಇದೆ" ಎಂಬ ಸಾಲು ಬಿಟ್ಟುಬಿಡಿ. ಆ ಲ್ಯಾಬ್‌ನದೇ ಒಂದು ಪೇಪರಿನ ವಂಶವೃಕ್ಷ ತೆಗೆದುಕೊಂಡು, ಈ ಮನೆಯಲ್ಲಿ ಮೊದಲು ಯಾರಿಗೆ ಟೆಸ್ಟ್ ಮಾಡಿಸುತ್ತೀರಿ, ಯಾಕೆ ಎಂದು ಅರ್ಧ ಪುಟ ಬರೆಯಿರಿ. ಸಾಮಾನ್ಯವಾಗಿ ಕಾಯಿಲೆ ಬಂದು ಬದುಕಿರುವವರಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿಗೆ ಬಂದವರಿಗೆ.