ಲಾಗಿನ್ ಆಗಿದೆ, ಫೈಲ್ ಮಾತ್ರ ಹೋಗ್ತಿಲ್ಲ: ಮೇನ್‌ಫ್ರೇಮ್ ಎಫ್‌ಟಿಪಿಯಲ್ಲಿ ನನ್ನ ಅನುಭವ

ರಾತ್ರಿ ಎರಡೂವರೆಗೆ ಕಾಲ್ ಬಂತು. ಮೇನ್‌ಫ್ರೇಮ್‌ನಲ್ಲಿ (ಐಬಿಎಂನ ದೊಡ್ಡ ಕಂಪ್ಯೂಟರ್) ದಿನಾ ಓಡುವ ಎಫ್‌ಟಿಪಿ ಜಾಬ್, ಅಂದರೆ ಬೇರೆ ಸರ್ವರ್‌ಗೆ ಫೈಲ್ ಕಳಿಸುವ ಕೆಲಸ, ಬಿದ್ದಿದೆ, ರಿಟರ್ನ್ ಕೋಡ್ 2849. ಈ ನಂಬರ್ ಹಿಡಿದು ಮ್ಯಾನ್ಯುಯಲ್ ಹುಡುಕುತ್ತಾ ಕೂರಬೇಡಿ, ಸಿಗಲ್ಲ. ಜೆಸಿಎಲ್‌ನ (ಜಾಬ್ ಓಡಿಸಲು ಬರೆಯುವ ಆದೇಶಗಳು) ಪಾರ್ಮ್‌ನಲ್ಲಿ, ಅಂದರೆ ಪ್ರೋಗ್ರಾಂಗೆ ಕೊಡುವ ಆಯ್ಕೆಯಲ್ಲಿ, ಬರೀ ಎಕ್ಸಿಟ್ ಅಂತ ಇದ್ದರೆ, ಅಸಲಿ ಕೋಡನ್ನು 4096ರಿಂದ ಭಾಗಿಸಿ ಉಳಿದದ್ದನ್ನು ಮಾತ್ರ ಸ್ಟೆಪ್ ತೋರಿಸುತ್ತದೆ.

ಅಸಲಿ ಕೋಡ್ ಇರೋದು ಔಟ್‌ಪುಟ್‌ನ ಇಝಡ್‌ಎ1735ಐ ಮೆಸೇಜ್‌ನಲ್ಲಿ. ನಮ್ಮದು 27425, ಪಕ್ಕದಲ್ಲಿ ಎರರ್ ಕೋಡ್ 00002, ಅಂದರೆ ಸರ್ವರ್ ಎರರ್ ಕೊಟ್ಟಿದೆ. 27 ಅಂದರೆ ಫೈಲ್ ಕಳಿಸುವ ಪುಟ್ ಕಮಾಂಡ್. 425 ಸರ್ವರ್ ಕೊಟ್ಟ ಉತ್ತರ: ಡೇಟಾ ಕನೆಕ್ಷನ್ ತೆರೆಯಲು ಆಗುತ್ತಿಲ್ಲ. ಎರರ್ ಕೋಡ್ 00008 ಬಂದಿದ್ದರೆ ಕನೆಕ್ಟೇ ಆಗಿಲ್ಲ, 00011 ಆಗಿದ್ದರೆ ಲಾಗಿನ್ ಫೇಲ್.

"ಸರ್, 230 ಬಂದಿದೆ, ಲಾಗಿನ್ ಸರಿ ಇದೆ, ಮತ್ತೆ ನೆಟ್‌ವರ್ಕ್ ತೊಂದರೆ ಹೇಗಾಗುತ್ತೆ?" ಅಂತ ಶಿಫ್ಟ್‌ನಲ್ಲಿದ್ದ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಎಫ್‌ಟಿಪಿಗೆ ಕನೆಕ್ಷನ್ ಎರಡು ಬೇಕು. ಲಾಗಿನ್, ಕಮಾಂಡ್ ಎಲ್ಲ ಪೋರ್ಟ್ 21ರಲ್ಲಿ ಹೋಗುತ್ತವೆ, ಫೈಲಿಗೆ ಬೇರೆಯದೇ ದಾರಿ, ಅದೂ ಆಕ್ಟಿವ್ ಮೋಡ್‌ನಲ್ಲಿ ಸರ್ವರ್ರೇ ವಾಪಸ್ ನಮ್ಮ ಕಡೆಗೆ ಕನೆಕ್ಟ್ ಮಾಡಬೇಕು.

ಲಾಗ್‌ನಲ್ಲಿ ಪೋರ್ಟ್ ಕಮಾಂಡ್‌ನ ಸಾಲು ತೋರಿಸಿದೆ: 10,20,4,7,5,33. ಮೊದಲ ನಾಲ್ಕು ನಮ್ಮ ಐಪಿ. ಕೊನೆಯ ಎರಡರಲ್ಲಿ 5ನ್ನು 256ರಿಂದ ಗುಣಿಸಿ 33 ಕೂಡಿಸಿದರೆ ಪೋರ್ಟ್ 1313. ಅಂದರೆ "10.20.4.7ಕ್ಕೆ ಬಾ" ಅಂತ ಸರ್ವರ್‌ಗೆ ಹೇಳುತ್ತಿದ್ದೇವೆ. 10ರಿಂದ ಶುರುವಾಗುವುದು ಒಳಗಿನ ವಿಳಾಸ, ಹೊರಗಿನವರಿಗೆ ಅದು ಸಿಗುವುದೇ ಇಲ್ಲ ಅಲ್ವಾ? ವಿಚಾರಿಸಿದರೆ ಆ ಸರ್ವರನ್ನು ವಾರಾಂತ್ಯದಲ್ಲಿ ನಮ್ಮ ನೆಟ್‌ವರ್ಕ್‌ನಿಂದ ಆಚೆ ಸಾಗಿಸಿದ್ದರು. ನಮಗೆ ಒಂದು ಮೇಲ್ ಕೂಡ ಇಲ್ಲ. ಇಂಥ ಬದಲಾವಣೆಯನ್ನು ಜಾಬ್ ನೋಡಿಕೊಳ್ಳುವವರಿಗೆ ಹೇಳಲೇಬೇಕು, ಸುಮ್ನೆ ಬಿಡುವ ವಿಷಯವಲ್ಲ.

ಎಫ್‌ಟಿಪಿ ಸೆಟ್ಟಿಂಗ್‌ಗಳನ್ನು ಕೊಡುವ ಜೆಸಿಎಲ್‌ನ ಸಿಸ್‌ಎಫ್‌ಟಿಪಿಡಿ ಡಿಡಿ ಕಾರ್ಡ್‌ನಲ್ಲಿ ಎಫ್‌ಡಬ್ಲ್ಯೂಫ್ರೆಂಡ್ಲಿ ಟ್ರೂ ಅಂತ ಒಂದು ಸಾಲು ಹಾಕಿದೆ. ಇದರಿಂದ ಕ್ಲೈಂಟ್ ಪ್ಯಾಸಿವ್ ಮೋಡ್‌ಗೆ ಹೋಗುತ್ತದೆ, ಡೇಟಾ ಕನೆಕ್ಷನ್ನೂ ನಮ್ಮ ಕಡೆಯಿಂದಲೇ ಶುರುವಾಗುತ್ತದೆ. ಒಂದೇ ಜಾಬ್‌ನಲ್ಲಿ ಪರೀಕ್ಷೆ ಮಾಡಬೇಕಿದ್ದರೆ ಲೊಕ್‌ಸೈಟ್ ಎಫ್‌ಡಬ್ಲ್ಯೂಫ್ರೆಂಡ್ಲಿ ಅಂತ ಇನ್‌ಪುಟ್‌ನಲ್ಲೇ, ಪುಟ್‌ಗೆ ಮುಂಚೆ ಕೊಡಬಹುದು.

ಮತ್ತೆ ಸಬ್ಮಿಟ್ ಮಾಡಿದೆ. 227 ಬಂತು, ಅಂದರೆ ಸರ್ವರ್ ಪ್ಯಾಸಿವ್ ಮೋಡ್‌ಗೆ ಒಪ್ಪಿತು, ಆದರೆ ಅಲ್ಲೇ ನಿಂತಿತು. ನಮ್ಮ ಫೈರ್‌ವಾಲ್‌ನಲ್ಲಿ ಆ ಸರ್ವರ್‌ಗೆ 21 ಮಾತ್ರ ತೆರೆದಿತ್ತು. ಅವರ ಪ್ಯಾಸಿವ್ ಪೋರ್ಟ್‌ಗಳ ರೇಂಜ್ ಕೇಳಿ ತೆಗೆದುಕೊಂಡು, ನೆಟ್‌ವರ್ಕ್‌ನವರನ್ನು ಎಬ್ಬಿಸಿ ಅದನ್ನು ತೆರೆಸಿದ ಮೇಲೆ ಐದು ಗಂಟೆ ಹೊತ್ತಿಗೆ 226 ಕಂಡಿತು, ಫೈಲ್ ಪೂರ್ತಿ ಹೋಯಿತು. ಬೆಳಗಾದ ಮೇಲೆ ಅದೇ ಸರ್ವರ್‌ಗೆ ಹೋಗುವ ಉಳಿದ ಜಾಬ್‌ಗಳಿಗೂ ಆ ಸಾಲು ಸೇರಿಸಿದೆ.