ಟ್ಯಾರೋ ಮತ್ತು ನನ್ನ ‘ಮಾಡಲಾ, ಬೇಡ್ವಾ’ ಪ್ರಶ್ನೆಗಳು

ಟ್ಯಾರೋ ಅಂದರೆ ಭವಿಷ್ಯ ಕೇಳಲು ಬಳಸುವ ಚಿತ್ರದ ಕಾರ್ಡುಗಳ ಕಟ್ಟು. ಮಾಡಲಾ ಬೇಡ್ವಾ ಅಂತ ಗೊಂದಲವಾದಾಗ ನಾನು ಅದರಿಂದ ಕಾರ್ಡ್ ತೆಗೆದು ನೋಡುತ್ತೇನೆ. ಶುರುವಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಎಂದರೆ ಎರಡನೇ ಕಾರ್ಡ್ ತೆಗೆದದ್ದು. ಮೊದಲನೆಯದು ಇಷ್ಟವಾಗಲಿಲ್ಲ, ಅದಕ್ಕೆ ಇನ್ನೊಂದು. ಅದೂ ಯಾಕೋ ಸರಿ ಕಾಣಲಿಲ್ಲ, ಮತ್ತೊಂದು. ಆ ಸಂಜೆ ಮೇಜಿನ ಮೇಲೆ ಏಳು ಕಾರ್ಡ್ ಬಿದ್ದಿದ್ದವು. ಕೇಳಿದ್ದು ಇಷ್ಟೇ: “ಅವಳಿಗೆ ನಾನೇ ಫೋನ್ ಮಾಡಲಾ?” ಜಗಳವಾಗಿ ಎರಡು ತಿಂಗಳಿಂದ ಮಾತು ಬಿಟ್ಟಿದ್ದ ಗೆಳತಿ. ಮೂರು ಕಾರ್ಡ್ ಮಾಡು ಅಂದವು, ಮೂರು ಬೇಡ ಅಂದವು. ಏಳನೆಯದು ಹ್ಯಾಂಗ್ಡ್ ಮ್ಯಾನ್. ಒಂದು ಕಾಲಿಗೆ ಹಗ್ಗ ಬಿಗಿದು ತಲೆಕೆಳಗಾಗಿ ನೇತಾಡುತ್ತಾ, ನನಗೇನೂ ಆತುರವಿಲ್ಲ ಅನ್ನುವ ಮುಖ ಮಾಡಿಕೊಂಡಿರುತ್ತಾನಲ್ಲ, ಅವನು. ಎಲ್ಲವನ್ನೂ ಬಾಚಿ ಡಬ್ಬಿಗೆ ಹಾಕಿ ಮಲಗಿದೆ.

ಈಗ ಒಂದು ಪ್ರಶ್ನೆಗೆ ಒಂದೇ ಕಾರ್ಡ್. ಇಷ್ಟಕ್ಕೆ ಬರಲು ನನಗೆ ಬಹಳ ದಿನ ಹಿಡಿಯಿತು.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ಸುಲಭದ ದಾರಿ. ಕಾರ್ಡ್ ನೇರವಾಗಿ ಬಂದರೆ ಹೌದು, ತಲೆಕೆಳಗಾಗಿ ಬಂದರೆ ಇಲ್ಲ. ಮೊದಲ ವಾರ ನನ್ನ ಹೊಸ ಕಟ್ಟು ಕೇಳಿದ್ದಕ್ಕೆಲ್ಲಾ ಹೌದು ಅಂದಿತು. ಖುಷಿಯೋ ಖುಷಿ! ಆಮೇಲೆ ಹೊಳೆಯಿತು, ಹೊಸ ಕಟ್ಟಿನಲ್ಲಿ 78 ಕಾರ್ಡೂ ಒಂದೇ ದಿಕ್ಕಿಗೆ ಜೋಡಿಸಿರುತ್ತವೆ. ಇಸ್ಪೀಟಿನ ಹಾಗೆ ಸುಮ್ನೆ ಕಲೆಸಿದರೆ ಜಾಗ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಕಟ್ಟನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಸೇರಿಸಬೇಕು. ಇಲ್ಲವೇ ಎಲ್ಲವನ್ನೂ ಮಗುಚಿ ಮೇಜಿನ ಮೇಲೆ ಹರಡಿ, ಎರಡೂ ಕೈಯಿಂದ ಗರಗರ ತಿರುಗಿಸಿ ಕಲೆಸಬೇಕು. ನನಗೆ ಎರಡನೆಯದೇ ಇಷ್ಟ. ಟ್ಯಾರೋ ಕಾರ್ಡ್ ಇಸ್ಪೀಟಿಗಿಂತ ದೊಡ್ಡದು, ನನ್ನ ಸಣ್ಣ ಕೈಗೆ ಸರಿಯಾಗಿ ಸಿಗುವುದಿಲ್ಲ. ಇನ್ನೊಂದು ಮಾತು: ಕಾರ್ಡಿನ ಹಿಂಬದಿಯ ಚಿತ್ರ ಎರಡು ಕಡೆಯಿಂದಲೂ ಒಂದೇ ಥರ ಇದೆಯಾ ನೋಡಿ. ಕೆಲವು ಕಟ್ಟುಗಳಲ್ಲಿ ಇರುವುದಿಲ್ಲ. ಆಗ ಮಗುಚಿ ಇಟ್ಟ ಕಾರ್ಡ್ ನೇರವೋ ತಲೆಕೆಳಗೋ ಅಂತ ಬೆನ್ನು ನೋಡಿಯೇ ಗೊತ್ತಾಗುತ್ತದೆ. ಕೈ ಗೊತ್ತಿಲ್ಲದ ಹಾಗೆ ಬೇಕಾದ ಕಡೆಗೇ ಹೋಗುತ್ತದೆ. ನನ್ನದು ಹೋಗಿದೆ.

ಸರಿಯಾಗಿ ಕಲೆಸಲು ಕಲಿತ ಮೇಲೂ ಈ ದಾರಿ ನನಗೆ ಒಗ್ಗಲಿಲ್ಲ. ಟೆನ್ ಆಫ್ ಸ್ವೋರ್ಡ್ಸ್ ನೇರವಾಗಿ ಬಂತು ಅನ್ನಿ. ಬೆನ್ನಿಗೆ ಹತ್ತು ಕತ್ತಿ ಚುಚ್ಚಿಸಿಕೊಂಡು ಬೋರಲು ಬಿದ್ದವನನ್ನು ನೋಡಿ “ಓಹೋ, ಹೌದು!” ಅನ್ನೋಕೆ ಬಾಯಿ ಬರುತ್ತದಾ? ಅತ್ತ ಬಿಳಿ ಕುದುರೆ ಏರಿ ಕೈಚಾಚಿ ನಗುವ ಸನ್ ಕಾರ್ಡಿನ ಮಗು ತಲೆಕೆಳಗಾಗಿ ಬಂದರೆ ಇಲ್ಲ ಅನ್ನಬೇಕು. ಹ್ಯಾಂಗ್ಡ್ ಮ್ಯಾನ್ ಕಥೆಯಂತೂ ಕೇಳಲೇಬೇಡಿ. ಅವನು ತಲೆಕೆಳಗಾಗಿ ಬಂದಾಗಲೇ ನೆಟ್ಟಗೆ ನಿಂತಿರುತ್ತಾನೆ.

ಏಸ್, ಅಂದರೆ ಎಕ್ಕ, ಎಣಿಸುವ ಹಳೆಯ ಕ್ರಮವನ್ನೂ ನೋಡಿದೆ. ಮೂರು ರಾಶಿ, ಒಂದೊಂದಕ್ಕೆ ಹೆಚ್ಚೆಂದರೆ 13 ಕಾರ್ಡ್. ಏಸ್ ಬಂದ ಕೂಡಲೇ ಆ ರಾಶಿ ನಿಲ್ಲಿಸಿ ಮುಂದಿನದಕ್ಕೆ ಹೋಗಬೇಕು, ಕೊನೆಗೆ ನೇರವಾದ ಏಸ್ ಎಷ್ಟು ಬಂದವು ಅಂತ ನೋಡಬೇಕು. ಒಂದೂ ಬರದ ದಿನಗಳೂ ಇರುತ್ತವೆ. ಫೋನ್ ಮಾಡಲಾ ಬೇಡ್ವಾ ಅನ್ನೋದಕ್ಕೆ ಇಷ್ಟು ಕಸರತ್ತು ನನಗೆ ಜಾಸ್ತಿಯಾಯಿತು.

ಹಾಗಾದರೆ ಯಾವ ಕಾರ್ಡ್ ಹೌದು, ಯಾವುದು ಇಲ್ಲ ಅಂತ ಹೇಳುವ ಪಕ್ಕಾ ಪಟ್ಟಿ ಎಲ್ಲಿದೆ ಅಂತ ಹುಡುಕಿದೆ. ಒಬ್ಬೊಬ್ಬರದು ಒಂದೊಂದು. ಇರುವುದೂ ಹಾಗೇ. ಈ ಕಾರ್ಡುಗಳು 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಆಟಕ್ಕೆಂದು ಹುಟ್ಟಿದವು. ಭವಿಷ್ಯ ಕೇಳುವುದು ಜೋರಾಗಿ ಹಬ್ಬಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸಿನಲ್ಲಿ. ನಾನು ಬಳಸುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಬಂದವು. ಆರ್ಥರ್ ಎಡ್ವರ್ಡ್ ವೇಟ್ ಹೇಳಿ ಮಾಡಿಸಿದರು, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆಕೆ ಅಂಕಿಯ ಸಣ್ಣ ಕಾರ್ಡುಗಳಿಗೂ ಒಂದೊಂದು ದೃಶ್ಯ ಬರೆದದ್ದು ನನ್ನಂಥವರಿಗೆ ದೊಡ್ಡ ಉಪಕಾರ. ಮಾರ್ಸೇಲ್ ಅನ್ನುವ ಹಳೆಯ ಫ್ರೆಂಚ್ ಮಾದರಿಯ ಕಟ್ಟಿನಲ್ಲಿ ಎಂಟು ಬಟ್ಟಲು ಅಂದರೆ ಬರೀ ಎಂಟು ಬಟ್ಟಲು. ಅದನ್ನು ನೋಡಿ ಏನು ಹೇಳೋದು?

ಹಾಗಾಗಿ ಪಟ್ಟಿಯನ್ನು ನಾನೇ ಮಾಡಿದೆ. ಒಂದು ಭಾನುವಾರ ಕೂತು 78 ಕಾರ್ಡನ್ನೂ ಒಂದೊಂದಾಗಿ ನೋಡಿ ಮೂರು ಗುಂಪು ಮಾಡಿದೆ: ಹೌದು, ಇಲ್ಲ, ಈಗ ಬೇಡ. ಸನ್, ಸ್ಟಾರ್, ವರ್ಲ್ಡ್, ನಾಲ್ಕೂ ಏಸ್ ಹೌದು ಕಡೆಗೆ ಹೋದವು. ಟವರ್, ತ್ರೀ ಆಫ್ ಸ್ವೋರ್ಡ್ಸ್, ಹಿಮದಲ್ಲಿ ಕುಂಟುತ್ತಾ ಹೋಗುವ ಇಬ್ಬರಿರುವ ಫೈವ್ ಆಫ್ ಪೆಂಟಕಲ್ಸ್, ಇವು ಇಲ್ಲ. ಮೂನ್, ಹೈ ಪ್ರೀಸ್ಟೆಸ್, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ ಟೂ ಆಫ್ ಸ್ವೋರ್ಡ್ಸ್ ಮೂರನೇ ಗುಂಪಿಗೆ. ಡೆತ್ ಕಾರ್ಡನ್ನು ಎಲ್ಲಿಡೋದು ಅಂತ ತುಂಬಾ ಹೊತ್ತು ಕೈಯಲ್ಲೇ ಹಿಡಿದಿದ್ದೆ. ಬಹಳ ಜನ ಅದನ್ನು ಇಲ್ಲ ಅನ್ನುತ್ತಾರೆ. ನಾನು ಮೂರನೆಯದಕ್ಕೆ ಹಾಕಿದೆ, ಅದರಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ.

ಕೊನೆಗೆ ಎಣಿಸಿದರೆ ಹೌದು 37, ಇಲ್ಲ 25, ಈಗ ಬೇಡ 16. ಅಂದರೆ ನನ್ನ ಕಟ್ಟು ಹೌದು ಕಡೆಗೇ ವಾಲಿಕೊಂಡಿದೆ. ಇದು ತಿಳಿದಿರೋದು ಒಳ್ಳೆಯದು. ಹೌದು ಬಂದಾಗ ನಾನು ತೀರಾ ಹಿಗ್ಗುವುದಿಲ್ಲ. ಪಟ್ಟಿಯನ್ನು ಬರೆದು ಡಬ್ಬಿಯೊಳಗೇ ಇಟ್ಟಿದ್ದೇನೆ. ಕಾರ್ಡ್ ಬಿದ್ದ ಮೇಲೆ ಅದರ ಗುಂಪು ಬದಲಾಯಿಸುವ ಹಾಗಿಲ್ಲ.

ಪ್ರಶ್ನೆ ಕೇಳೋದೇ ಇದರಲ್ಲಿ ಕಷ್ಟದ ಕೆಲಸ. “ನನಗೆ ಒಳ್ಳೆಯದಾಗುತ್ತಾ?” ಅಂದರೆ ಹೌದು ಬಂದರೂ ಇಲ್ಲ ಬಂದರೂ ಮಾಡೋಕೆ ಏನೂ ಇರುವುದಿಲ್ಲ. “ಅವಳು ನನ್ನನ್ನು ಕ್ಷಮಿಸಿದ್ದಾಳಾ?” ಅನ್ನೋದಕ್ಕೆ ಉತ್ತರ ಅವಳ ಹತ್ತಿರ ಇದೆ, ನನ್ನ ಮೇಜಿನ ಮೇಲೆ ಇಲ್ಲ. “ಕೆಲಸ ಬಿಡಲಾ ಅಥವಾ ಇಲ್ಲೇ ಇರಲಾ?” ಅನ್ನುವುದು ಎರಡು ಪ್ರಶ್ನೆ, ಅದಕ್ಕೆ ಹೌದು ಅಂದರೆ ಯಾವುದಕ್ಕೆ ಹೌದು? ಈಗ ಪ್ರಶ್ನೆಯಲ್ಲಿ ನಾನು ಮಾಡುವ ಒಂದು ಕೆಲಸ ಇರಬೇಕು, ಒಂದು ಗಡುವೂ ಇರಬೇಕು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಕಾರ್ಡ್ ಕಲೆಸುವುದು. ಎಷ್ಟೋ ಸಲ ಬರೆಯುವಾಗಲೇ ಉತ್ತರ ಗೊತ್ತಾಗಿ ಕಟ್ಟು ತೆಗೆದೇ ಇಲ್ಲ. ಕಾಯಿಲೆ, ಸಾಲ, ಕೋರ್ಟು ಇವುಗಳ ಬಗ್ಗೆ ಕೇಳುವುದಿಲ್ಲ. ಅದಕ್ಕೆ ಕಲಿತವರಿದ್ದಾರೆ.

ಒಮ್ಮೆ ಹೊಸ ಕೆಲಸ ಬಂದಿತ್ತು. ಸಂಬಳ ಜಾಸ್ತಿ. “ಶುಕ್ರವಾರದೊಳಗೆ ಒಪ್ಪಿಕೊಳ್ಳಲಾ?” ಅಂತ ಬರೆದು ತೆಗೆದೆ. ಏಟ್ ಆಫ್ ಕಪ್ಸ್. ನನ್ನ ಪಟ್ಟಿಯಲ್ಲಿ ಅದು ‘ಇಲ್ಲ’ ಗುಂಪಿನದು. ಮುಖ ಸಪ್ಪಗಾಯಿತು. ಹಾಗೇ ನೋಡುತ್ತಾ ಕೂತೆ. ಕೆಂಪು ನಿಲುವಂಗಿಯವನೊಬ್ಬ ಕೋಲು ಹಿಡಿದು ಬೆಟ್ಟದ ಕಡೆ ಹೋಗುತ್ತಿದ್ದಾನೆ, ಅವನ ಬೆನ್ನು ಮಾತ್ರ ಕಾಣುತ್ತದೆ. ಮುಂದೆ ಜೋಡಿಸಿಟ್ಟ ಬಟ್ಟಲುಗಳು, ಕೆಳಗೆ ಐದು, ಮೇಲೆ ಮೂರು. ಮೇಲಿನ ಸಾಲಿನ ನಡುವೆ ಒಂದು ಬಟ್ಟಲಿನಷ್ಟು ಜಾಗ ಖಾಲಿ. ಎಷ್ಟೋ ಸಲ ನೋಡಿದ ಕಾರ್ಡ್, ಆ ಖಾಲಿ ಜಾಗ ಅವತ್ತೇ ಕಣ್ಣಿಗೆ ಬಿದ್ದದ್ದು. ಇಲ್ಲಿ ನಾನು ಏನನ್ನು ಕೇಳಿಲ್ಲ ಅಂತ ಯೋಚಿಸಿದೆ. ರಾತ್ರಿ ಪಾಳಿ ಇದೆಯಾ ಅಂತ ಕೇಳಿರಲೇ ಇಲ್ಲ! ಮರುದಿನ ಕೇಳಿದೆ. ವಾರಕ್ಕೆ ಮೂರು ರಾತ್ರಿ ಅಂದರು. ಬೇಡ ಅಂದೆ. ಕಾರ್ಡಿಗೆ ರಾತ್ರಿ ಪಾಳಿಯ ವಿಷಯ ಗೊತ್ತಿತ್ತು ಅಂತ ನಾನು ನಂಬುವುದಿಲ್ಲ. ಬೇರೆ ಕಾರ್ಡ್ ಬಂದಿದ್ದರೆ ಬೇರೆ ಏನೋ ಯೋಚಿಸುತ್ತಿದ್ದೆ, ಬಹುಶಃ ಒಪ್ಪಿಕೊಂಡೂ ಬಿಡುತ್ತಿದ್ದೆ. ಆದರೂ ಹೌದು ಇಲ್ಲ ಗೊತ್ತಾದ ಕೂಡಲೇ ಕಾರ್ಡ್ ಮುಚ್ಚಿಡುವ ಅಭ್ಯಾಸ ಅಂದಿಗೆ ಬಿಟ್ಟೆ. ಈಗ ಐದು ನಿಮಿಷ ಚಿತ್ರ ನೋಡುತ್ತೇನೆ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ತಾರೀಕು, ಪ್ರಶ್ನೆ, ಕಾರ್ಡ್, ಏನಾಯಿತು. ಕೊನೆಯದನ್ನು ತುಂಬಿಸಲು ಬೇಜಾರು, ಆದರೆ ತುಂಬಿಸದಿದ್ದರೆ ಹೊಂದಿದ್ದು ಮಾತ್ರ ನೆನಪಿರುತ್ತದೆ. ಆರು ತಿಂಗಳಾದ ಮೇಲೆ ನೋಡಿದರೆ ಸರಿಸುಮಾರು ಅರ್ಧ ಹೊಂದಿತ್ತು, ಅರ್ಧ ಇಲ್ಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತೇನೋ.

ಆ ಗೆಳತಿಯ ವಿಷಯವೂ ಅದರಲ್ಲಿದೆ. ಏಳು ಕಾರ್ಡಿನ ಸಂಜೆ ಕಳೆದು ಬಹಳ ದಿನಗಳ ಮೇಲೆ, ಹೊಸ ಕ್ರಮದಲ್ಲಿ ಕೇಳಿದ್ದು: “ಈ ಭಾನುವಾರದೊಳಗೆ ನಾನೇ ಫೋನ್ ಮಾಡಲಾ?” ಬಂದದ್ದು ಸಿಕ್ಸ್ ಆಫ್ ಕಪ್ಸ್, ಒಂದು ಮಗು ಇನ್ನೊಂದಕ್ಕೆ ಹೂವಿನ ಬಟ್ಟಲು ಕೊಡುವ ಚಿತ್ರ. ಹೌದು. ಶನಿವಾರ ಮಾಡಿದೆ. ಅವಳು ಎತ್ತಲಿಲ್ಲ. ಕೊನೆಯ ಕಾಲಂನಲ್ಲಿ “ಎತ್ತಲಿಲ್ಲ” ಅಂತ ಬರೆದು ತಪ್ಪು ಗುರುತು ಹಾಕಿದೆ. ಒಂಬತ್ತು ದಿನ ಬಿಟ್ಟು ಮೆಸೇಜ್ ಬಂತು, “ಫೋನ್ ಮಾಡಿದ್ಯಾ? ಏನು ವಿಷ್ಯ?” ಅಷ್ಟೇ. ಆ ತಪ್ಪು ಗುರುತಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅದು ಇನ್ನೂ ಹಾಗೇ ಇದೆ.