ಮನೆಮನೆಯ ಮಳೆ ಲೆಕ್ಕ, ತರಗತಿಯ ನಕ್ಷೆಯಲ್ಲಿ

ಕೊಡಗಿನ ತೋಟದ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನಲ್ಲೋ ಹಳೆಯ ಡೈರಿಯಲ್ಲೋ ಇಂಚು, ಸೆಂಟಿನ ಮಳೆ ಲೆಕ್ಕ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಡಿಜಿಟಲ್ ನಕ್ಷೆಗೆ ಏರಿಸಿದರೆ ಹೈಸ್ಕೂಲಿನ ಭೂಗೋಳ ಪಾಠಕ್ಕೆ ಬೇರೆ ಸಾಮಗ್ರಿ ಹುಡುಕಬೇಕಿಲ್ಲ. ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್, ಒಂದು ಗೂಗಲ್ ಖಾತೆ, ಬೇರೆ ಬೇರೆ ಊರಿಂದ ಬರುವ 15–20 ಮಕ್ಕಳು ಇದ್ದರೆ ಆಯಿತು. ನಕ್ಷೆಗೆ ಗೂಗಲ್ ಮೈ ಮ್ಯಾಪ್ಸ್ ಸಾಕು, ದುಡ್ಡು ಕೊಡಬೇಕಿಲ್ಲ. ನಕ್ಷೆ ಮೂಡಲು ಹತ್ತು ನಿಮಿಷ ಬೇಕಷ್ಟೆ. ಬೆವರು ಹರಿಯುವುದು ಅದಕ್ಕೂ ಮುಂಚಿನ ಕೆಲಸದಲ್ಲಿ.

ಅಳತೆ

ಮನೆಯಲ್ಲಿ ಮಳೆಮಾಪಕ ಇದ್ದರೆ ಅದರ ಜೊತೆ ಬಂದ ಅಳತೆಗಾಜನ್ನೇ ಬಳಸಬೇಕು. ಗಾಜಿನ ಗುರುತುಗಳು ಆ ಮಾಪಕದ ಬಾಯಿಯ ಅಗಲಕ್ಕೆ ಹೊಂದಿಸಿದವು. ಹಳೆಯದು ಒಡೆದುಹೋಗಿ ಬೇರೆ ಅಗಲದ ಮಾಪಕದ ಗಾಜು ತಂದರೆ ಇಡೀ ತಿಂಗಳ ಲೆಕ್ಕ ಕೆಟ್ಟಂತೆ.

ಮಾಪಕ ಇಲ್ಲದವರು 2 ಲೀಟರಿನ, ಮೈ ನೇರವಾಗಿರುವ ಬಾಟಲಿ ತೆಗೆದುಕೊಳ್ಳಲಿ. ನಡುವೆ ಸೊಂಟ ಇರುವ ಬಾಟಲಿ ಬೇಡ. ಮೇಲಿನ ಹೆಗಲನ್ನು ಕತ್ತರಿಸಿ, ತಲೆಕೆಳಗು ಮಾಡಿ, ಆಲಿಕೆಯಾಗಿ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ಸಣ್ಣ ಕಲ್ಲು, ನೀರು ತುಂಬಿ, ನೀರು ನಿಂತ ಮಟ್ಟಕ್ಕೆ ಸೊನ್ನೆ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿ. ದಿನಾ ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ಇಳಿಸಬೇಕು. ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಒಂದೇ ದಿನ 5 ಇಂಚು ಸುರಿದರೆ ನೀರು 12.7 ಸೆಂ.ಮೀ. ಏರುತ್ತದೆ, ಚಿಕ್ಕ ಬಾಟಲಿ ಉಕ್ಕಿ ಹರಿದು, ಹೆಚ್ಚು ಮಳೆ ಬಿದ್ದ ದಿನವೇ ಲೆಕ್ಕ ಕಡಿಮೆ ಬರುತ್ತದೆ. ಮಾಪಕವನ್ನು ಸೂರಿನಿಂದಲೂ ಸಿಲ್ವರ್ ಮರದಿಂದಲೂ ದೂರ ಇಡಿ: ಅವು ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ.

ಓದುವ ಹೊತ್ತು ಬೆಳಿಗ್ಗೆ 8.30. ಹಿಂದಿನ 24 ಗಂಟೆಯ ಮಳೆಯನ್ನು ಓದಿದ ದಿನದ ತಾರೀಖಿಗೇ ಬರೆಯುವುದು ಹವಾಮಾನ ಇಲಾಖೆಯ ರೂಢಿ. ಮಳೆ ರಜೆ ಕೊಟ್ಟ ದಿನವೂ ಓದಲೇಬೇಕು ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆ ದಿನಗಳ ಲೆಕ್ಕ ತಪ್ಪಿದರೆ ಮಿಕ್ಕದ್ದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಪಟ್ಟಿ

ಗೂಗಲ್ ಶೀಟ್ಸ್‌ನಲ್ಲಿ ನಾಲ್ಕು ಕಾಲಮ್: ಊರು, ಅಕ್ಷಾಂಶ, ರೇಖಾಂಶ, ತಿಂಗಳ ಒಟ್ಟು ಮಳೆ ಮಿಲಿಮೀಟರಿನಲ್ಲಿ. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ಎಡವುವುದು ಇಲ್ಲೇ. ನೂರು ಸೆಂಟಿಗೆ ಒಂದು ಇಂಚು. ಹಾಗಾಗಿ ‘1 ಇಂಚು 5 ಸೆಂಟ್’ ಎಂದರೆ 1.05. ಮಕ್ಕಳು 1.5 ಎಂದು ಬರೆದರೆ 26.7 ಮಿ.ಮೀ. ಹೋಗಿ 38.1 ಆಗುತ್ತದೆ. ಮಳೆಯ ಕಾಲಮಿನಲ್ಲಿ ಬರೀ ಅಂಕಿ ಇರಲಿ. ‘ಮಿ.ಮೀ.’ ಎಂದು ಸೇರಿಸಿದರೆ ಅಥವಾ ಕನ್ನಡ ಅಂಕಿ ಬಳಸಿದರೆ ತಂತ್ರಾಂಶ ಅದನ್ನು ಸಂಖ್ಯೆ ಎಂದು ಓದುವುದಿಲ್ಲ.

ಅಕ್ಷಾಂಶ, ರೇಖಾಂಶಕ್ಕೆ ಮೊಬೈಲಿನ ಗೂಗಲ್ ಮ್ಯಾಪ್ಸ್‌ನಲ್ಲಿ ಉಪಗ್ರಹ ಚಿತ್ರ ತೆರೆದು, ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಕಾಣಿಸುತ್ತವೆ. ನೆರಳು ಮರಗಳಡಿ ಮನೆಯ ಮಾಡು ಕಾಣದಿದ್ದರೆ ಕಾಫಿ ಒಣಗಿಸುವ ಕಣ ಹುಡುಕಿ, ಅದು ಬಯಲಾಗಿ ಎದ್ದು ಕಾಣುತ್ತದೆ. ಸಂಖ್ಯೆಯನ್ನು ಎರಡು ದಶಮಾಂಶಕ್ಕೆ ಇಳಿಸಿ ಬರೆಯಿರಿ. ಗುರುತು ಹೆಚ್ಚೆಂದರೆ ಸುಮಾರು ಮುಕ್ಕಾಲು ಕಿಲೋಮೀಟರ್ ಸರಿಯುತ್ತದೆ, ಮಳೆ ನಕ್ಷೆಗೆ ಅದು ಲೆಕ್ಕಕ್ಕಿಲ್ಲ. ಆದರೆ ತೋಟದ ನಡುವಿನ ಒಂಟಿ ಮನೆ ಇಂಥದ್ದೇ ಎಂದು ಹೊರಗಿನವರಿಗೆ ತಿಳಿಯಬಾರದು. ಮಕ್ಕಳ ಹೆಸರೂ ಪಟ್ಟಿಯಲ್ಲಿ ಬೇಡ.

ಹಳೆಯ ನಕ್ಷೆಯಿಂದ ಡಿಗ್ರಿ, ನಿಮಿಷ ಎತ್ತಿಕೊಂಡರೆ ನಿಮಿಷವನ್ನು 60ರಿಂದ ಭಾಗಿಸಲೇಬೇಕು. ಮಡಿಕೇರಿ 12 ಡಿಗ್ರಿ 25 ನಿಮಿಷ ಉತ್ತರ, 75 ಡಿಗ್ರಿ 44 ನಿಮಿಷ ಪೂರ್ವ, ಅಂದರೆ 12.42, 75.73. ಹಾಗೇ 12.25, 75.44 ಎಂದು ಬರೆದರೆ ಮಡಿಕೇರಿ ಕೇರಳಕ್ಕೆ ಹೋಗಿ ಕೂರುತ್ತದೆ.

ನಕ್ಷೆ

ಮೈ ಮ್ಯಾಪ್ಸ್‌ನಲ್ಲಿ ಹೊಸ ನಕ್ಷೆ ತೆರೆದು ‘ಇಂಪೋರ್ಟ್’ ಒತ್ತಿ, ಡ್ರೈವ್‌ನಿಂದ ಶೀಟ್ ಆರಿಸಿ. ಸ್ಥಳ ಗುರುತಿಸಲು ಅಕ್ಷಾಂಶ, ರೇಖಾಂಶದ ಕಾಲಮ್‌ಗಳನ್ನೂ ಶೀರ್ಷಿಕೆಗೆ ಊರಿನ ಕಾಲಮನ್ನೂ ತೋರಿಸಿ. ಚುಕ್ಕೆಗಳೆಲ್ಲ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ಹತ್ತಿರದ ಸಮುದ್ರದಲ್ಲಿ ಬಿದ್ದವೇ? ಎರಡು ಕಾಲಮ್ ಅದಲುಬದಲಾಗಿವೆ. ಶೀಟಿನಲ್ಲಿ ಆಮೇಲೆ ತಿದ್ದಿದ್ದು ನಕ್ಷೆಗೆ ತಾನಾಗಿ ಬರುವುದಿಲ್ಲ, ಮತ್ತೆ ಇಂಪೋರ್ಟ್ ಮಾಡಬೇಕು.

ಪದರದ (ಲೇಯರ್) ಹೆಸರಿನ ಕೆಳಗಿನ ಸ್ಟೈಲ್ ಒತ್ತಿ, ಮಳೆಯ ಕಾಲಮ್ ಆರಿಸಿ, ‘ರೇಂಜಸ್’ ಕೊಟ್ಟರೆ ಬಣ್ಣ ಬರುತ್ತದೆ. ಒಂದೇ ತಿಂಗಳಿಗಾದರೆ ಇಷ್ಟು ಸಾಕು. ಜೂನ್, ಜುಲೈ ಎಂದು ತಿಂಗಳಿಗೊಂದು ಪದರ ಮಾಡಿದರೆ (ಒಂದು ನಕ್ಷೆಗೆ 10 ಪದರ ಹಿಡಿಸುತ್ತದೆ) ಪ್ರತಿ ಪದರವೂ ತನ್ನದೇ ಕನಿಷ್ಠ, ಗರಿಷ್ಠ ನೋಡಿ ಬಣ್ಣ ಹಂಚಿಕೊಳ್ಳುತ್ತದೆ. ಜೂನಿನ ಕಡುನೀಲಿ, ಜುಲೈನ ಕಡುನೀಲಿ ಒಂದೇ ಅಲ್ಲ. ಅದಕ್ಕೆ ಶೀಟಿನಲ್ಲೇ ‘ದರ್ಜೆ’ ಎಂಬ ಐದನೇ ಕಾಲಮ್ ಸೇರಿಸಿ. 250 ಮಿ.ಮೀ.ಗೊಂದರಂತೆ ದರ್ಜೆ ಬರೆದು, ಆ ಕಾಲಮಿನ ಪ್ರಕಾರ ಗುಂಪು ಮಾಡಿ, ಬಣ್ಣವನ್ನು ಎಲ್ಲ ಪದರದಲ್ಲೂ ಕೈಯಾರೆ ಒಂದೇ ಇಡಿ.

ಬೆಟ್ಟದ ಜೊತೆ ಓದುವುದು

ನಕ್ಷೆಯನ್ನು ಕೆಎಂಎಲ್ ಕಡತವಾಗಿ (ನಕ್ಷೆಯ ಮಾಹಿತಿ ಇಡುವ ಒಂದು ಬಗೆಯ ಫೈಲ್) ಇಳಿಸಿಕೊಂಡು ಗೂಗಲ್ ಅರ್ಥ್ ಪ್ರೊ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ತೆರೆಯಿರಿ. ‘ಪಾತ್’ ಉಪಕರಣದಿಂದ ತಲಕಾವೇರಿ, ಮಡಿಕೇರಿ, ಕುಶಾಲನಗರ ಸೇರಿಸಿ ಗೆರೆ ಎಳೆದರೆ ಸುಮಾರು 50 ಕಿ.ಮೀ. ಆಗುತ್ತದೆ. ಗೆರೆಯ ಮೇಲೆ ಬಲಕ್ಲಿಕ್ ಮಾಡಿ ‘ಶೋ ಎಲಿವೇಶನ್ ಪ್ರೊಫೈಲ್’ ಒತ್ತಿದರೆ ಗೆರೆಯುದ್ದದ ಏರಿಳಿತದ ಆಲೇಖ ಬರುತ್ತದೆ. ಪಶ್ಚಿಮದಿಂದಲೇ ಶುರು ಮಾಡಿ, ಇಲ್ಲವಾದರೆ ಬೆಟ್ಟಗಳು ತಿರುಗುಮುರುಗಾಗಿ ಕಾಣುತ್ತವೆ. ತಲಕಾವೇರಿ ಸುಮಾರು 1,276 ಮೀಟರ್ ಎತ್ತರದಲ್ಲಿದೆ, ಕುಶಾಲನಗರ 800ರ ಆಸುಪಾಸು. ಕಡಲಿಂದ ಬಂದ ಮೋಡ ಘಟ್ಟ ಹತ್ತುತ್ತಾ ತಣ್ಣಗಾಗಿ ಭಾಗಮಂಡಲದ ಕಡೆ ಸುರಿದು, ಪೂರ್ವಕ್ಕೆ ಇಳಿಯುವಾಗ ಬರಿದಾಗುವುದು ಚುಕ್ಕೆಗಳ ಬಣ್ಣದಲ್ಲೂ ಈ ಗೆರೆಯಲ್ಲೂ ಒಟ್ಟಿಗೆ ಸಿಗುತ್ತದೆ. ಆಲೇಖದಲ್ಲಿ ಎತ್ತರವನ್ನು ಹಿಗ್ಗಿಸಿರುತ್ತಾರೆ. ಬೆಟ್ಟ ನಿಜಕ್ಕೂ ಅಷ್ಟು ಕಡಿದಲ್ಲ ಎಂದು ಮಕ್ಕಳಿಗೆ ಹೇಳಿ.

ಕೊನೆಗೆ ನಕ್ಷೆಯನ್ನು ಪಿಡಿಎಫ್ ಮಾಡಿ ಎ3 ಹಾಳೆಯಲ್ಲಿ ಮುದ್ರಿಸಿ, ಸಮನಾಗಿ ಮಳೆ ಬಿದ್ದ ಜಾಗಗಳನ್ನು ಸೀಸದ ಕಡ್ಡಿಯಲ್ಲಿ ಸೇರಿಸಲು ಕೊಡಿ. ಪುಷ್ಪಗಿರಿ, ಬ್ರಹ್ಮಗಿರಿ ಕಾಡಿನ ಕಡೆಯಿಂದ ಅಳತೆ ಬಂದಿಲ್ಲವಾದರೆ ಆ ಭಾಗಕ್ಕೆ ಗೆರೆ ಎಳೆಯದೆ ಖಾಲಿ ಬಿಡಲಿ.